ಮೀಟರಿನಲ್ಲಿ 23,412

ಪುಣೆಯ ಪ್ರಭಾತ್ ರೋಡಿನ ಹಳೇ ಬಂಗಲೆಯೊಂದರ ಗ್ಯಾರೇಜಿನಲ್ಲಿ ಆ ಗಾಡಿ ನಿಂತಿತ್ತು. 1966ರ ಎಂಜಿಬಿ, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು, ಮೇಲೆ ಬಟ್ಟೆಯ ಹುಡ್ ಇರುವ ಎರಡು ಸೀಟಿನದು. ಮನೆಯವರು ಧಾರವಾಡದ ಕಡೆಯವರು. ಯಜಮಾನರು ತೀರಿಕೊಂಡು ಬಹಳ ವರ್ಷವಾಗಿತ್ತು, ಈಗ ಅವರ ಹೆಂಡತಿ ಮಾರಲು ಹೊರಟಿದ್ದರು. ದಲಾಲಿಯೊಬ್ಬ ಆಗಲೇ ಬಂದು, ‘ಬರೀ 23 ಸಾವಿರ ಕಿಲೋಮೀಟರ್, 30 ಲಕ್ಷಕ್ಕೆ ಕಡಿಮೆ ಇಲ್ಲ’ ಎಂದು ಹೇಳಿ ಹೋಗಿದ್ದ. ಹಳೇ ಗಾಡಿಗಳ ಬೆಲೆ ಕಟ್ಟುವುದು ನನ್ನ ಕೆಲಸವಾದ್ದರಿಂದ ನನ್ನನ್ನು ಕರೆಸಿದ್ದರು.

ಟಾರ್ಚ್ ಹಿಡಿದು ಮೀಟರ್ ನೋಡಿದೆ. 23,412. ಮುಳ್ಳಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಎಂಪಿಎಚ್ ಅಂತಿತ್ತು. ಅಂದರೆ ಮೈಲಿ. ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ 37,700. ಅಷ್ಟಾದರೂ ಕಡಿಮೆಯೇ, ಆದರೆ ದಲಾಲಿ ಹೇಳಿದ ಲೆಕ್ಕ ಅಲ್ಲ. ಮೇಲಾಗಿ ಐದಂಕಿಯ ಮೀಟರ್ ಒಂದು ಲಕ್ಷ ಮುಟ್ಟಿದರೆ ಮತ್ತೆ ಸೊನ್ನೆಗೆ ಬರುತ್ತದೆ. ಹಾಗಾಗಿ ಅಂಕಿಯನ್ನು ನಾನು ಮೊದಲು ನಂಬುವುದಿಲ್ಲ, ಗಾಡಿಯ ಮೈಯನ್ನು ಕೇಳುತ್ತೇನೆ.

ಪೆಡಲಿನ ರಬ್ಬರ್ ಎಲ್ಲರೂ ನೋಡುತ್ತಾರೆ, ಅದನ್ನು ಬದಲಿಸುವುದೂ ಸುಲಭ. ನಾನು ಯಾರೂ ಬದಲಿಸದ ಜಾಗ ನೋಡುತ್ತೇನೆ. ಡ್ರೈವರ್ ಬಾಗಿಲನ್ನು ಅರ್ಧ ತೆರೆದು ಎರಡೂ ಕೈಯಿಂದ ಮೇಲಕ್ಕೆ ಎತ್ತಿದೆ. ಹಿಂಜಿನಲ್ಲಿ ಕೂದಲೆಳೆಯಷ್ಟು ಆಟ. ಪಕ್ಕದ ಬಾಗಿಲಿನಲ್ಲಿ ಅದೂ ಇಲ್ಲ. ಬಹಳ ಓಡಿದ ಗಾಡಿಯಾದರೆ ಎರಡು ಬಾಗಿಲ ನಡುವಿನ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

‘ಕಾಕೂ, ಸರ್ವೀಸ್ ಬಿಲ್ ಏನರೆ ಅದಾವೇನ್ರಿ?’ ಅಂತ ಯಜಮಾನರ ಹೆಂಡತಿಯನ್ನು ಕೇಳಿದೆ. ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಡೈರಿ ತಂದರು. ‘ಬಿಲ್ಲು ಎಲ್ಲ್ಯವ ಗೊತ್ತಿಲ್ಲಪಾ. ಪೆಟ್ರೋಲ್ ಹಾಕ್ಸಿದಾಗೊಮ್ಮೆ ಇವರು ಇದ್ರಾಗ ಬರಿತಿದ್ರು.’

ಆ ಡೈರಿಯ ಮುಂದೆ ಒಂದು ಗಂಟೆ ಕೂತೆ. ತಾರೀಖು, ಲೀಟರ್, ಮೀಟರ್ ರೀಡಿಂಗ್. ಕನ್ನಡ ಅಂಕಿಗಳಲ್ಲಿ, ನೀಲಿ ಶಾಯಿಯಲ್ಲಿ, 1988ರವರೆಗೆ. ಒಂದು ರೀಡಿಂಗಿನಿಂದ ಹಿಂದಿನದನ್ನು ಕಳೆದು ಲೀಟರಿನಿಂದ ಭಾಗಿಸುತ್ತಾ ಹೋದೆ. ಐದು, ಐದೂವರೆ, ಐದೂಕಾಲು ಮೈಲಿ. 1798 ಸಿಸಿಯ ಈ ಎಂಜಿನ್ ಲೀಟರಿಗೆ ಕೊಡುವುದೇ ಅಷ್ಟು. ಮೀಟರ್ ಕೇಬಲ್ ಬಿಚ್ಚಿ ಓಡಿಸಿದ್ದರೆ ಎಲ್ಲೋ ಒಂದು ಕಡೆ ಅದು ಎರಡು, ಮೂರಕ್ಕೆ ಇಳಿಯಬೇಕಿತ್ತು. ಇಳಿದಿರಲಿಲ್ಲ. ಇಪ್ಪತ್ತು ವರ್ಷ ಹೀಗೆ ಸುಳ್ಳು ಲೆಕ್ಕ ಹೊಂದಿಸಿ ಬರೆಯುವುದು ಯಾರಿಂದಲೂ ಆಗದು. ನನಗೆ ಮೈ ಜುಮ್ಮೆಂದಿತು. ಮೀಟರ್ ಹೇಳುತ್ತಿದ್ದುದು ನಿಜ.

ನಿಜ ಅಂದಮಾತ್ರಕ್ಕೆ 30 ಲಕ್ಷ ಆಗುವುದಿಲ್ಲ. ಎಂಜಿಬಿಗೆ ಅಡಿಯಲ್ಲಿ ಬೇರೆ ಚಾಸಿಸ್ ಚೌಕಟ್ಟು ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದರೆ ಬೆನ್ನುಮೂಳೆಯೇ ಹೋದ ಹಾಗೆ. ಜ್ಯಾಕ್ ಹಾಕಿ ಒಂದು ಬದಿ ಎತ್ತಿ ಬಾಗಿಲು ತೆರೆದು ಮುಚ್ಚಿದೆ. ಎಲ್ಲೂ ತಾಗದೆ ಮುಚ್ಚಿಕೊಂಡಿತು, ಅಂದರೆ ಬಾಡಿ ಬಾಗಿಲ್ಲ. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಸಿಲ್ಲಿನುದ್ದಕ್ಕೂ ಕಚ್ಚಿ ಹಿಡಿಯಿತು, ಪುಟ್ಟಿ ಮೆತ್ತಿದ ಜಾಗವೇ ಇಲ್ಲ. ಬಾನೆಟ್ ಮೇಲೆ ಮಾತ್ರ ಹಿಡಿಯಲಿಲ್ಲ. ಹೊಸಬರು ಇಲ್ಲಿ ಬೆಚ್ಚಿಬೀಳುತ್ತಾರೆ. ಆ ಕಾಲದ ಎಂಜಿಬಿಗಳ ಬಾನೆಟ್ ಅಲ್ಯೂಮಿನಿಯಂನದು. ಹಿಡಿದಿದ್ದರೆ ಬಾನೆಟ್ ಬದಲಿಸಿದ್ದಾರೆ ಅಂತ ನಾನು ಬೆಲೆ ಇಳಿಸುತ್ತಿದ್ದೆ. ಚಾಸಿಸ್ ನಂಬರ್ ಜಿಎಚ್‌ಎನ್3ರಿಂದ, ಎಂಜಿನ್ ನಂಬರ್ 18ಜಿಬಿಯಿಂದ ಶುರುವಾಗುತ್ತಿತ್ತು. ಆ ವರ್ಷಕ್ಕೆ ಅದೇ ಸರಿ, ಆರ್‌ಸಿ ಪುಸ್ತಕಕ್ಕೂ ತಾಳೆಯಾಯಿತು.

ಇನ್ನು ಕಳೆಯುವ ಲೆಕ್ಕ. ಟೈರಿನ ಮೇಲೆ 1403 ಅಂತಿತ್ತು, 2003ರ ಹದಿನಾಲ್ಕನೇ ವಾರದಲ್ಲಿ ಆದದ್ದು. ಮೇಲೆ ಕರ್ರಗೆ ಹೊಸದರಂತಿದ್ದರೂ ಬದಿಯಲ್ಲಿ ಬಿರುಕು. ಟ್ಯಾಂಕಿನ ಮುಚ್ಚಳ ತೆಗೆದಾಗ ಬಂದದ್ದು ಪೆಟ್ರೋಲ್ ವಾಸನೆಯಲ್ಲ, ಹಳೇ ವಾರ್ನಿಷ್ ವಾಸನೆ. ಎರಡೂ ಎಸ್‌ಯು ಕಂಪನಿಯ ಕಾರ್ಬ್ಯುರೇಟರಿನ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಪಿಸ್ಟನ್ ಅಂಟಿಕೊಂಡಿದ್ದವು. ಬ್ರೇಕ್ ಸಿಲಿಂಡರ್ ಜಾಮ್, ಕ್ಲಚ್ ಪ್ಲೇಟ್ ಫ್ಲೈವೀಲಿಗೆ ಹಿಡಿದುಕೊಂಡಿತ್ತು. ಇಂಧನ ಹರಿಯುವ ರಬ್ಬರ್ ಹೋಸುಗಳನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಬೇಕು, ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲಿನಲ್ಲಿ ಹಳೇ ರಬ್ಬರ್ ಬಾಳುವುದಿಲ್ಲ. ಒಟ್ಟು ಮೂರೂವರೆ ಲಕ್ಷದ ಕೆಲಸ. ಓಡಿದ ಗಾಡಿಗಿಂತ ನಿಂತ ಗಾಡಿಗೆ ಖರ್ಚು ಜಾಸ್ತಿ ಎಂಬುದನ್ನು ಮಾರುವವರಿಗೆ ಒಪ್ಪಿಸುವುದೇ ಈ ಕೆಲಸದಲ್ಲಿ ಕಷ್ಟ.

ದಲಾಲಿ ಹೊಸ ಪೇಂಟ್ ಹೊಡೆಸಿ ಮಾರಿ ಅಂದಿದ್ದನಂತೆ. ‘ಅದೊಂದು ಮಾತ್ರ ಬ್ಯಾಡ್ರಿ ಕಾಕೂ’ ಅಂದೆ. ಫ್ಯಾಕ್ಟರಿಯ ಪೇಂಟ್ ಅಲ್ಲಲ್ಲಿ ಮಾಸಿತ್ತು, ಆದರೆ ಇಡೀ ಗಾಡಿಗೆ ಅದೇ ಇತ್ತು. ಕಾರ್ಬ್ಯುರೇಟರ್, ಬ್ರೇಕ್ ದುಡ್ಡು ಕೊಟ್ಟರೆ ಸರಿಯಾಗುತ್ತವೆ. ಆ ಪೇಂಟ್ ಒಮ್ಮೆ ಹೋದರೆ ಯಾವ ದುಡ್ಡಿಗೂ ಬಾರದು.

ಕಾಗದದ ಬಾಬತ್ತು ಬೇಗ ಮುಗಿಯಿತು. 50 ವರ್ಷ ದಾಟಿದ್ದರಿಂದ 2021ರ ನಿಯಮದಡಿ ವಿಂಟೇಜ್ ಅಂತ ನೋಂದಾಯಿಸಬಹುದು, ಹಳೇ ನಂಬರೂ ಉಳಿಯುತ್ತದೆ. ದಿನಾ ಓಡಾಡಲು ಮಾತ್ರ ಬಳಸುವಂತಿಲ್ಲ.

ರಿಪೋರ್ಟಿನಲ್ಲಿ 22 ಲಕ್ಷ ಬರೆದೆ. ಡೈರಿ ಇಲ್ಲದಿದ್ದರೆ 18 ಬರೆಯುತ್ತಿದ್ದೆ, ಅದನ್ನೂ ಅಲ್ಲಿಯೇ ನಮೂದಿಸಿದೆ. ಕಾಕೂ ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಹಂಗಾರ ಗಾಡಿ ಜೋಡಿ ಡೈರಿನೂ ಕೊಡಬೇಕೇನು?’

‘ಕೊಡಬೇಕ್ರಿ. ನಾಕು ಲಕ್ಷ ಅದರಾಗೈತಿ.’

ಮರುದಿನ ಡೆಕ್ಕನ್ ಬಡಾವಣೆಯ ಅಂಗಡಿಯಲ್ಲಿ ಒಂದೂ ಪುಟ ಬಿಡದೆ ಜೆರಾಕ್ಸ್ ಮಾಡಿಸಿದರು. ಪ್ರತಿಯನ್ನು ಅದೇ ಬಟ್ಟೆಯಲ್ಲಿ ಸುತ್ತಿ ತಾವಿಟ್ಟುಕೊಂಡು, ಮೂಲ ಡೈರಿಯನ್ನು ಗಾಡಿಯ ಗ್ಲೋವ್ ಬಾಕ್ಸಿನಲ್ಲಿಟ್ಟು ಬೀಗ ಹಾಕಿದರು.