ಇಂಟರ್ನೆಟ್ ಇಲ್ಲದ ಲ್ಯಾಬಿನಲ್ಲಿ ಮೂಡಲ್: ನಮ್ಮ ಹೈಸ್ಕೂಲಿನ ವ್ಯವಸ್ಥೆ

ಆನ್‌ಲೈನ್ ಕಲಿಕಾ ವ್ಯವಸ್ಥೆ ಎಂದೊಡನೆ ಶಾಲೆಗಳು ಮೊದಲು ಮಾಡುವುದು ಪಠ್ಯಪುಸ್ತಕದ ಪಿಡಿಎಫ್ ಏರಿಸಿಡುವ ಕೆಲಸ. ಅದನ್ನು ಯಾರೂ ತೆರೆಯುವುದಿಲ್ಲ. ಪುಸ್ತಕ ಮಕ್ಕಳ ಬ್ಯಾಗಿನಲ್ಲೇ ಇದೆ, ಅದರಲ್ಲಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಜಾಲತಾಣದ ವಿಡಿಯೊ ಸಿಗುತ್ತದೆ. ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಮೂಡಲ್ ಎಂಬ ಉಚಿತ ಕಲಿಕಾ ತಂತ್ರಾಂಶ ಬೇರೂರಿದ್ದು ಒಂದೇ ಕಾರಣಕ್ಕೆ. ಪಾಠಕ್ಕೊಂದು ಹತ್ತು ಪ್ರಶ್ನೆಯ ಕಿರುಪರೀಕ್ಷೆಯನ್ನು ಅದೇ ತಿದ್ದಿ ಅಂಕ ಹಾಕಿಕೊಡುತ್ತದೆ. ತಿದ್ದುವ ಹೊರೆ ಸ್ವಲ್ಪ ಇಳಿಯಿತು ಎಂದು ಗೊತ್ತಾದ ಮೇಲೆ ಶಿಕ್ಷಕರೇ ‘ಇದರಲ್ಲಿ ಇನ್ನೇನು ಬರುತ್ತದೆ’ ಎಂದು ಕೇಳುತ್ತಾರೆ. ಆರಂಭಕ್ಕೆ 8ನೇ ತರಗತಿಯ ವಿಜ್ಞಾನ, ಸಮಾಜ ವಿಜ್ಞಾನ ಸಾಕು. ಎಸ್‌ಎಸ್‌ಎಲ್‌ಸಿ ತರಗತಿಯ ಮೇಲೆ ಹೊಸದನ್ನು ಪ್ರಯೋಗಿಸಲು ಯಾವ ಎಚ್‌ಎಂ ಕೂಡ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಸರ್ವರ್ ಎಂದರೆ ಲ್ಯಾಬಿನದೇ ಒಂದು ಡೆಸ್ಕ್‌ಟಾಪ್. 8 ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಹಾಕಿದ 240 ಜಿಬಿ ಎಸ್‌ಎಸ್‌ಡಿ, ಉಬುಂಟು 24.04 ಕಾರ್ಯಾಚರಣಾ ವ್ಯವಸ್ಥೆ, ಅದರ ಮೇಲೆ ಮೂಡಲ್ 4.5. ಈ ಆವೃತ್ತಿಗೆ 2027ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಇರುವುದರಿಂದ ವರ್ಷವರ್ಷವೂ ಕೈ ಹಾಕಬೇಕಿಲ್ಲ. ಇನ್‌ಸ್ಟಾಲ್ ಮಾಡುವಾಗ ಸಾಮಾನ್ಯವಾಗಿ ತಡೆಯುವುದು ಪಿಎಚ್‌ಪಿಯ (ಮೂಡಲ್ ಬರೆದಿರುವ ಭಾಷೆ) ಒಂದು ಮಿತಿ, ‘ಮ್ಯಾಕ್ಸ್ ಇನ್‌ಪುಟ್ ವೇರ್ಸ್’. ಅದು ಮೊದಲಿಗೆ 1000 ಇರುತ್ತದೆ, 5000ಕ್ಕೆ ಏರಿಸದಿದ್ದರೆ ಮೂಡಲ್ ಮುಂದೆ ಹೋಗುವುದಿಲ್ಲ. ಫೈಲ್ ಏರಿಸುವ ಮಿತಿಯೂ 2 ಎಂಬಿಯಲ್ಲೇ ನಿಂತಿರುತ್ತದೆ, ಅದನ್ನೂ ಹೆಚ್ಚಿಸಬೇಕು. ಏರಿಸಿದ ಫೈಲುಗಳು ಉಳಿಯುವ ಮೂಡಲ್‌ಡೇಟಾ ಫೋಲ್ಡರ್ ವೆಬ್ ಫೋಲ್ಡರಿನ ಹೊರಗಿರಲಿ. ಹಿನ್ನೆಲೆಯ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ನಿಮಿಷಕ್ಕೊಮ್ಮೆ ಓಡಲಿ.

ನೆಟ್‌ವರ್ಕಿಗೆ ಒಂದು ಸಾಮಾನ್ಯ ರೂಟರ್ ಸಾಕು, ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಸರ್ವರಿಗೆ 192.168.1.10ರಂತೆ ಬದಲಾಗದ ವಿಳಾಸ ಕೊಡಬೇಕು. ಇನ್‌ಸ್ಟಾಲ್ ಮಾಡುವಾಗ ಕೊಟ್ಟ ವಿಳಾಸವನ್ನು ಮೂಡಲ್ ತನ್ನ ಕಾನ್ಫಿಗ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ರೂಟರ್ ಇನ್ನೊಂದು ವಿಳಾಸ ಹಂಚಿತೆಂದರೆ ಪುಟವೇ ತೆರೆಯುವುದಿಲ್ಲ, ಎಲ್ಲರೂ ಮೂಡಲ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಇಂಟರ್ನೆಟ್ ಇಲ್ಲದ ಸರ್ವರಿನ ದೊಡ್ಡ ಶತ್ರು ಗಡಿಯಾರ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಸಿಆರ್2032 ಎಂಬ ಬಿಲ್ಲೆ ಸೆಲ್ ಇರುತ್ತದೆ. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದ ಕೂಡಲೇ ದಿನಾಂಕ ಹಲವು ವರ್ಷ ಹಿಂದಕ್ಕೆ ಜಿಗಿಯುತ್ತದೆ. ಸರಿಪಡಿಸಲು ಇಂಟರ್ನೆಟ್ಟಿನ ಸಮಯವೂ ಇಲ್ಲ. ಆಗ ಕಿರುಪರೀಕ್ಷೆ ‘ಇನ್ನೂ ತೆರೆದಿಲ್ಲ’ ಎನ್ನುತ್ತದೆ, ಕ್ರಾನಿನ ಕೆಲಸಗಳು ಮುಂದಿನ ದಿನಾಂಕ ಕಾಯುತ್ತ ಕೂರುತ್ತವೆ. ಸರ್ವರ್ ಮಾಡುವ ಮೊದಲೇ ಹೊಸ ಸೆಲ್ ಹಾಕಿ, ಪ್ಲಗ್ ಕಿತ್ತು, ಮರುದಿನ ಸಮಯ ಸರಿಯಾಗಿದೆಯೇ ನೋಡಬೇಕು. ಅಂಗೈಯಗಲದ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈಗಾಗಿ ಮೂಡಲ್‌ಬಾಕ್ಸ್ ಎಂಬ ಸಿದ್ಧ ವ್ಯವಸ್ಥೆ ಇದೆ, ಅಗ್ಗವೂ ಹೌದು. ಆದರೆ ಪೈ 4ರಲ್ಲಿ ಗಡಿಯಾರದ ಸೆಲ್ಲೇ ಇಲ್ಲ, ಬೇರೆ ಮಾಡ್ಯೂಲ್ ಸೇರಿಸಬೇಕು. ಅದರೊಳಗಿನ ವೈಫೈ ಇಡೀ ತರಗತಿಯ ಭಾರ ತಡೆಯುವುದೂ ಇಲ್ಲ.

ಮಕ್ಕಳ ಖಾತೆಗಳನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಫೈಲಿನಿಂದ ಒಟ್ಟಿಗೆ ಏರಿಸುತ್ತೇವೆ. ಯೂಸರ್‌ನೇಮ್ ಆಗಿ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಎಸ್‌ಎಟಿಎಸ್ ಸಂಖ್ಯೆ ಇಟ್ಟರೆ 10ನೇ ತರಗತಿವರೆಗೆ ಬದಲಾಗುವುದಿಲ್ಲ, ಹಾಜರಿ ಕ್ರಮಸಂಖ್ಯೆಯಾದರೆ ಪ್ರತಿ ಜೂನ್‌ನಲ್ಲಿ ಬದಲಾಗುತ್ತದೆ. ಆ ಕ್ರಮಸಂಖ್ಯೆಯನ್ನು ‘ಐಡಿ ನಂಬರ್’ ಕಾಲಮ್ಮಿನಲ್ಲಿ 8ಎ-07 ಎಂದು ಬರೆದು, ಅಂಕಪಟ್ಟಿಯಲ್ಲಿ ಕಾಣುವಂತೆ ಮಾಡಿ, ಅದರ ಮೇಲೆ ಪಟ್ಟಿ ಜೋಡಿಸುತ್ತೇವೆ. ಇಲ್ಲದಿದ್ದರೆ ಮೂಡಲ್ ಕೊನೆಯ ಹೆಸರಿನ ಮೇಲೆ ಜೋಡಿಸುತ್ತದೆ. ನಮ್ಮ ಮಕ್ಕಳಿಗೆ ಕೊನೆಯ ಹೆಸರೆಂದರೆ ಇನಿಷಿಯಲ್, ಹಾಗಾಗಿ ಪಟ್ಟಿ ಹಾಜರಿ ಪುಸ್ತಕಕ್ಕೆ ತಾಳೆಯಾಗದೆ ಅಂಕ ಬರೆದುಕೊಳ್ಳುವವರ ತಲೆ ಕೆಡುತ್ತದೆ. ಫೈಲನ್ನು ಎಕ್ಸೆಲ್‌ನಲ್ಲಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನೇ ಆರಿಸಬೇಕು, ಬರೀ ಸಿಎಸ್‌ವಿ ಒತ್ತಿದರೆ ಕನ್ನಡದ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಆರಂಕಿ ಪಾಸ್‌ವರ್ಡ್ ಕೊಡುವುದಾದರೆ ಮೊದಲು ಪಾಸ್‌ವರ್ಡ್ ನಿಯಮ ಸಡಿಲಿಸಬೇಕು, ಮತ್ತು ಸೊನ್ನೆಯಿಂದ ಶುರುವಾಗುವ ಸಂಖ್ಯೆ ಕೊಡಬಾರದು, ಎಕ್ಸೆಲ್ ಆ ಸೊನ್ನೆ ನುಂಗುತ್ತದೆ. ಶಾಲೆಯ ಹೊರಗಿನಿಂದ ಸರ್ವರ್ ಸಿಗುವುದಿಲ್ಲವಾದ್ದರಿಂದಲೇ ಈ ಸಡಿಲಿಕೆ. ಮಕ್ಕಳಿಗೆ ಇಮೇಲ್ ಇಲ್ಲ, ಮೂಡಲ್ ಕೇಳದೆ ಬಿಡುವುದಿಲ್ಲ. ಎಸ್‌ಎಟಿಎಸ್ ಸಂಖ್ಯೆಗೆ ‘ಇನ್‌ವ್ಯಾಲಿಡ್’ ಎಂದು ಕೊನೆಯಾಗುವ ಹುಸಿ ವಿಳಾಸ ಸೇರಿಸಿ, ಮೇಲ್ ಕಳಿಸುವುದನ್ನೇ ನಿಲ್ಲಿಸಿದರೆ ಆಯಿತು. ಆಧಾರ್, ಪೋಷಕರ ಮೊಬೈಲ್ ಸಂಖ್ಯೆ ಇದರಲ್ಲಿ ಹಾಕಲೇಬೇಡಿ. ಯಾವುದಕ್ಕೂ ಬೇಕಾಗುವುದಿಲ್ಲ.

ನಿಜವಾದ ಕೆಲಸ ಇರುವುದು ಪ್ರಶ್ನೆಗಳಲ್ಲಿ. ಶಿಕ್ಷಕರ ಹತ್ತಿರ ಹಳೆಯ ಘಟಕ ಪರೀಕ್ಷೆಯ ಫೈಲುಗಳು ಬೇಕಾದಷ್ಟಿವೆ, ಆದರೆ ಬಹುಪಾಲು ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿವೆ. ವರ್ಡ್‌ನಲ್ಲಿ ಕನ್ನಡವಾಗಿ ಕಂಡದ್ದು ಮೂಡಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗುತ್ತದೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡು, ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಓದಲೇಬೇಕು. ಸಮೀಕರಣ, ಇಂಗ್ಲಿಷ್ ಪದ ನಡುವೆ ಬಂದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕೆಡಿಸಿರುತ್ತದೆ.

ಬಹು ಆಯ್ಕೆಯ ಪ್ರಶ್ನೆಗಳಿಗೆ, ಮೂಡಲ್ ಓದಬಲ್ಲ ‘ಐಕೆನ್’ ಎಂಬ ಸರಳ ಪಠ್ಯ ಮಾದರಿ ಸುಲಭ. ಪ್ರಶ್ನೆ ಒಂದೇ ಸಾಲಿನಲ್ಲಿ, ಕೆಳಗೆ ಆಯ್ಕೆಗಳು ಸಾಲಿಗೊಂದರಂತೆ, ಕೊನೆಗೆ ಉತ್ತರದ ಸಾಲು. ಆಯ್ಕೆಗಳ ಮುಂದೆ ಇಂಗ್ಲಿಷಿನ ದೊಡ್ಡ ಅಕ್ಷರ, ಚುಕ್ಕೆ ಅಥವಾ ‘)’ ಚಿಹ್ನೆ, ಒಂದು ಖಾಲಿ ಜಾಗ ಇರಲೇಬೇಕು. ಅ, ಆ, ಇ, ಈ ಎಂದು ಬರೆದರೆ ಇಡೀ ಫೈಲ್ ತಿರಸ್ಕಾರವಾಗುತ್ತದೆ. ಉತ್ತರದ ಸಾಲಿನ ‘ಆನ್ಸರ್’ ಎಂಬ ಪದವೂ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಇರಬೇಕು. ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಆಗಿ ಉಳಿಸಿದ ಮೂವತ್ತು ಪ್ರಶ್ನೆ ಒಂದೇ ಬಾರಿಗೆ ಒಳಗೆ ಹೋಗುತ್ತವೆ.

ಕಿರು ಉತ್ತರದ ಪ್ರಶ್ನೆಗಳಿಂದ ಮೊದಲ ಅವಧಿಯಲ್ಲಿ ದೂರ ಇರುವುದೇ ಮೇಲು. ಮಗು ‘ದ್ಯುತಿ ಸಂಶ್ಲೇಷಣೆ’ ಎಂದು ಬಿಡಿಸಿ ಬರೆದರೆ, ಶಿಕ್ಷಕರು ಕೂಡಿಸಿ ಬರೆದಿದ್ದರೆ, ಉತ್ತರ ತಪ್ಪು. ‘ಸೂರ್ಯ’ ಮತ್ತು ‘ಸೂರ‍್ಯ’ ನಮಗೆ ಒಂದೇ, ಯಂತ್ರಕ್ಕೆ ಎರಡು, ಏಕೆಂದರೆ ಎರಡನೆಯದರಲ್ಲಿ ಕಾಣದ ಒಂದು ಜೋಡಕ ಕೂತಿದೆ. ಹಾಕಲೇಬೇಕೆಂದರೆ ಸಂದೇಹ ಇರುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಕೊಡಬಹುದು, ಅಲ್ಲಿ ಏನು ಬಂದರೂ ಒಪ್ಪುತ್ತದೆ. ಸಂಖ್ಯೆಯ ಉತ್ತರದಲ್ಲಿ ಕನ್ನಡ ಅಂಕಿ ನಡೆಯುವುದಿಲ್ಲ, ೧೨ ಎಂದರೆ ಅದಕ್ಕೆ ಸಂಖ್ಯೆಯೇ ಅಲ್ಲ. ಕೀಬೋರ್ಡಿನಲ್ಲಿ ಕನ್ನಡ ಹುಡುಕುತ್ತ ಕುಳಿತ ಮಗುವಿನ ವಿಜ್ಞಾನದ ಅರಿವು ಅಳೆಯುವುದಾದರೂ ಹೇಗೆ?

ಲ್ಯಾಬಿನಲ್ಲಿ ಓಡುವ ಕಂಪ್ಯೂಟರ್ ಹದಿನೈದು, ತರಗತಿಯಲ್ಲಿ ಮಕ್ಕಳು ನಲವತ್ತೈದು ಎಂದುಕೊಳ್ಳಿ. ಮೂರು ತಂಡ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಲಾಗಿನ್ ಸೇರಿ ಎರಡು ತಂಡ ಮಾತ್ರ ಮುಗಿಯುತ್ತವೆ, ಮೂರನೆಯದು ಮರುದಿನ. ಆದ್ದರಿಂದ ಕಿರುಪರೀಕ್ಷೆ ಒಂದು ವಾರ ತೆರೆದಿರಬೇಕು, ಮೂವತ್ತು ಪ್ರಶ್ನೆಗಳ ಬ್ಯಾಂಕಿನಿಂದ ಪ್ರತಿಯೊಬ್ಬರಿಗೂ ಹತ್ತು ಬೇರೆ ಬೇರೆಯಾಗಿ ಬೀಳಬೇಕು. ‘ರಿವ್ಯೂ ಆಪ್ಷನ್ಸ್’ನಲ್ಲಿ ಆ ವಾರ ಅಂಕ ಮಾತ್ರ ತೋರಿಸಿ, ಸರಿಯುತ್ತರ ವಾರ ಮುಗಿದ ಮೇಲೆ. ಮೊದಲ ತಂಡ ಉತ್ತರಗಳನ್ನು ಕೈಮೇಲೆ ಬರೆದುಕೊಂಡು ಹೊರಬರುವುದು ಇದರಿಂದ ನಿಲ್ಲುತ್ತದೆ. ಸಮಯದ ಮಿತಿ ಹಾಕದಿರುವುದು ವಾಸಿ. ಬರೆದ ಉತ್ತರ ತಾನಾಗಿ ನಿಮಿಷಕ್ಕೊಮ್ಮೆ ಉಳಿಯುತ್ತದೆ, ಕರೆಂಟ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯಬಹುದು. ಮಿತಿ ಇದ್ದರೆ ಕರೆಂಟ್ ಇಲ್ಲದ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ, ಆಗ ಪ್ರತಿ ಮಗುವಿಗೂ ‘ಓವರ್‌ರೈಡ್’ (ಪ್ರತ್ಯೇಕ ವಿನಾಯಿತಿ) ಕೊಡುತ್ತ ಕೂರಬೇಕು.

ಗಣಿತವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಸಮೀಕರಣ ತೋರಿಸುವ ಮ್ಯಾಥ್‌ಜ್ಯಾಕ್ಸ್ ಅನ್ನು ಮೂಡಲ್ 4.5 ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಸಂಪರ್ಕ ಇಲ್ಲದ ಲ್ಯಾಬಿನಲ್ಲಿ ಭಿನ್ನರಾಶಿಯ ಬದಲು ಓರೆಗೆರೆ, ಆವರಣಗಳ ಗೊಂದಲ ಕಾಣುತ್ತದೆ. ಮ್ಯಾಥ್‌ಜ್ಯಾಕ್ಸನ್ನು ಸರ್ವರಿನೊಳಗೇ ಇಟ್ಟು, ಸೆಟ್ಟಿಂಗ್ಸ್‌ನಲ್ಲಿ ಅದರ ವಿಳಾಸ ಬದಲಿಸಬೇಕು. ಕನ್ನಡ ಭಾಷಾ ಪ್ಯಾಕ್ ಅರ್ಧಂಬರ್ಧ ಅನುವಾದವಾಗಿದೆ, ಆದರೂ ಹಾಕಿಕೊಂಡಿದ್ದೇವೆ.

ಬ್ಯಾಕಪ್ ಎಂದರೆ ಡೇಟಾಬೇಸ್, ಮೂಡಲ್‌ಡೇಟಾ, ಕಾನ್ಫಿಗ್ ಫೈಲ್, ಮೂರೂ. ಶನಿವಾರ ಪೆನ್‌ಡ್ರೈವಿಗೆ ಹಾಕಿ ಅದನ್ನು ಆಫೀಸಿನ ಬೀರುವಿನಲ್ಲಿಡುತ್ತೇವೆ, ಲ್ಯಾಬಿನಲ್ಲಲ್ಲ. ಏಪ್ರಿಲ್‌ನಲ್ಲಿ ಮೊದಲು ಅಂಕಗಳನ್ನು ಎಕ್ಸೆಲ್‌ಗೆ ಇಳಿಸಿ, ಆಮೇಲೆ ಕೋರ್ಸ್ ರೀಸೆಟ್. ರೀಸೆಟ್ ಮಾಡಿದರೆ ಮಕ್ಕಳ ಉತ್ತರ ಅಳಿಯುತ್ತದೆ, ಪ್ರಶ್ನೆಗಳು ಉಳಿಯುತ್ತವೆ. ಕೋರ್ಸನ್ನೇ ಡಿಲೀಟ್ ಮಾಡಿದರೆ ಪ್ರಶ್ನೆ ಬ್ಯಾಂಕೂ ಅದರೊಂದಿಗೆ ಹೋಗುತ್ತದೆ. ಮಕ್ಕಳ ಗುಂಪಿಗೆ ತರಗತಿಯ ಹೆಸರಿಡದೆ ‘2025 ದಾಖಲಾತಿ’ ಎಂದಿಟ್ಟಿದ್ದರೆ, ಜೂನ್‌ನಲ್ಲಿ ಆ ಗುಂಪನ್ನು 9ನೇ ತರಗತಿಯ ಕೋರ್ಸಿಗೆ ಸೇರಿಸುವುದಷ್ಟೇ ಬಾಕಿ.