ಅರ್ಧ ಟಿಕೆಟ್ಟಿನ ಮಾತ್ರೆ

ಕೆಲವು ವರ್ಷದ ಹಿಂದಿನ ಮಾತು. ಮುಂಬೈಗೆ ದುಡಿಯಲು ಹೋಗಿದ್ದ ಹುಡುಗನೊಬ್ಬ ಬಳ್ಳಾರಿಗೆ ವಾಪಸ್ ಬಂದಿದ್ದ, ಇಲ್ಲೇ ಜೀನ್ಸ್ ಹೊಲಿಯುವ ಕೆಲಸ ಹುಡುಕಿಕೊಂಡು. ಅಲ್ಲಿ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಚಟ ಹತ್ತಿತ್ತು. ಅದನ್ನು ಬಿಡಲು ದಿನಾ 40 ಮಿ.ಗ್ರಾಂ ಮೆಥಡೋನ್ ಸಿರಪ್ ಕುಡಿಯುತ್ತಿದ್ದ. ನನ್ನ ಕ್ಲಿನಿಕ್ಕಿನಲ್ಲಿ ಮೆಥಡೋನ್ ಇಲ್ಲ. ಅದೇ ಚಟ ಬಿಡಿಸಲು ಕೊಡುವ, ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಮಾತ್ರೆ ಇದೆ.

ಕೊನೆಯ ಡೋಸ್ ಯಾವಾಗ ಅಂದೆ. "ನಿನ್ನೆ ಮುಂಜಾನೆ ಸರ್" ಅಂದ. ಒಂದು ದಿನ ಆಯ್ತಲ್ಲ ಅಂತ 4 ಮಿ.ಗ್ರಾಂ ಕೊಟ್ಟುಬಿಟ್ಟೆ. ಮುಕ್ಕಾಲು ಗಂಟೆಯೊಳಗೆ ವಾಂತಿ, ಭೇದಿ, ಮೈಯೆಲ್ಲ ನೋವು. ಅವನ ತಾಯಿ ಬಾಗಿಲಲ್ಲೇ ನಿಂತು "ನಡಕೊಂತ ಬಂದ ಮಗನ್ನ ಹಿಂಗ ಮಾಡಿಬಿಟ್ರಲ್ರಿ ಡಾಕ್ಟ್ರೆ" ಅಂದರು. ಏನು ಹೇಳಲಿ? ತಪ್ಪು ನನ್ನದೇ.

ಮಿದುಳಿನಲ್ಲಿ ಈ ಔಷಧಿಗಳು ಕೂರುವ ಜಾಗಗಳನ್ನು ಬಸ್ಸಿನ ಸೀಟು ಅಂದುಕೊಳ್ಳಿ. ಮೆಥಡೋನ್ ಆರಾಮಾಗಿ ಕೂತಿರುತ್ತದೆ. ಬುಪ್ರೆನಾರ್ಫಿನ್ ಹತ್ತಿ ಅದನ್ನು ಎಬ್ಬಿಸಿ ತಾನು ಕೂರುತ್ತದೆ. ಹಿಡಿತ ಗಟ್ಟಿ, ಆದರೆ ಕೆಲಸದಲ್ಲಿ ಅದು ಅರ್ಧ ಟಿಕೆಟ್ಟಿನ ಗಿರಾಕಿ. ಪೂರ್ತಿ ಸಿಗುತ್ತಿದ್ದದ್ದು ಒಮ್ಮೆಲೇ ಅರ್ಧವಾದರೆ ಮೈ ಒದ್ದಾಡದೆ ಇರುತ್ತಾ? ಮೆಥಡೋನ್ ಒಂದೇ ದಿನಕ್ಕೆ ಸೀಟು ಖಾಲಿ ಮಾಡುವುದೂ ಇಲ್ಲ.

ಆಮೇಲೆ ಬಂದ ಲಾರಿ ಡ್ರೈವರ್ ಒಬ್ಬರಿಗೆ ಅವಸರ ಮಾಡಲಿಲ್ಲ. ಅವರಿಗೆ ಮೆಥಡೋನ್ ಕೊಡುತ್ತಿದ್ದ ಮುಂಬೈನ ವೈದ್ಯರಿಗೆ ಫೋನ್ ಮಾಡಿ ಮೊದಲು ಡೋಸನ್ನು ನಿಧಾನವಾಗಿ 30 ಮಿ.ಗ್ರಾಂಗೆ ಇಳಿಸಲು ಹೇಳಿದೆ. ಕೊನೆಯ ಡೋಸ್ ಆಗಿ ಎರಡು ದಿನ ಕಳೆದ ಮೇಲೆ ಬೆಳಿಗ್ಗೆಯೇ ಬರಹೇಳಿದೆ. ವಿತ್‌ಡ್ರಾವಲ್ (ಔಷಧಿ ಸಿಗದೆ ಮೈ ಒದ್ದಾಡುವುದು) ಅಳೆಯಲು 'ಕೌಸ್' ಅಂತ 11 ಅಂಶಗಳ ಪಟ್ಟಿ ಇದೆ. ಅಂಕ ಏರಿದರೆ ಸೀಟು ಖಾಲಿಯಾಗುತ್ತಿದೆ ಅಂತ ಅರ್ಥ. ಅದರಲ್ಲಿ ಬೆವರಿಗೂ ಅಂಕ. ಆದರೆ ಸೆಕೆಗೆ ಬಂದ ಬೆವರನ್ನು ಎಣಿಸುವ ಹಾಗಿಲ್ಲ. ಬೇಸಿಗೆ, ಕಡು ಬೇಸಿಗೆ ಎರಡೇ ಕಾಲ ಇರುವ ನಮ್ಮೂರಲ್ಲಿ ಬೆವರು ನೋಡಿ ಏನು ತಿಳಿಯುತ್ತೆ! ನಾನು ಮುಂಗೈ ನೋಡುತ್ತೇನೆ. ಹತ್ತು ಗಂಟೆಗೆ ಅಂಕ 8. ಫ್ಯಾನ್ ಕೆಳಗೆ ಕೂರಿಸಿದೆ. "ಇನ್ನೂ ಎಷ್ಟೊತ್ರೀ ಸರ್?" ಅಂತ ನಾಲ್ಕು ಸಲ ಕೇಳಿದರು. ಹನ್ನೆರಡೂವರೆಗೆ ಆ ಬಿಸಿಲಲ್ಲೂ ಕೈಮೇಲೆ ಕೂದಲು ಎದ್ದು ನಿಂತಿತ್ತು. ಕಣ್ಣಿನ ಪಾಪೆ ಅಗಲವಾಗಿತ್ತು, ಆಕಳಿಕೆ ನಿಲ್ಲುತ್ತಿರಲಿಲ್ಲ. ಅಂಕ 14.

ಗುಟ್ಕಾ ಉಗುಳಿಸಿ, ಬಾಯಿ ತೊಳೆಸಿ 2 ಮಿ.ಗ್ರಾಂ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟೆವು. ಕರಗುವ ತನಕ ಮಾತಿಲ್ಲ, ನುಂಗುವಂತಿಲ್ಲ. ನುಂಗಿದರೆ ಬಹುಪಾಲು ದಂಡ. ಒಂದೂವರೆ ಗಂಟೆ ನೋಡಿ ಇನ್ನೊಂದು 2, ಸಂಜೆಗೆ ಮತ್ತೆ 2. ಮಾರನೇ ದಿನ 8. ಲಾರಿ ಹತ್ತಬೇಡಿ, ಕುಡೀಬೇಡಿ, ನಿದ್ದೆ ಮಾತ್ರೆ ಮುಟ್ಟಬೇಡಿ ಅಂತ ಅವರ ಹೆಂಡತಿಗೂ ಹೇಳಿ ಕಳಿಸಿದೆ.

ಮೆಥಡೋನ್ ನಿಲ್ಲಿಸದೆ, ಜೊತೆಗೇ ಬುಪ್ರೆನಾರ್ಫಿನ್‌ನ 0.4 ಮಿ.ಗ್ರಾಂ ಚಿಕ್ಕ ಮಾತ್ರೆಯನ್ನೂ ಅದಕ್ಕಿಂತ ಚಿಕ್ಕ ಚೂರು ಮಾಡಿ ಶುರು ಮಾಡಿ, ದಿನದಿನಕ್ಕೆ ಏರಿಸುವ ದಾರಿಯೂ ಇದೆ. ಡೋಸ್ ಜಾಸ್ತಿ ಇರುವವರಿಗೆ ಅದೇ ಹಿತ ಅನ್ನಿಸುತ್ತೆ. ಆದರೆ ಅಷ್ಟು ದಿನಕ್ಕೆ ಆಗುವಷ್ಟು ಮೆಥಡೋನ್ ಕೈಯಲ್ಲಿರಬೇಕು. ರೈಲಿಳಿದು ಬರುವವರ ಜೇಬಲ್ಲಿ ಇರುವುದು ಡಾಕ್ಟರ ಚೀಟಿ ಮಾತ್ರ. ಹಾಗಾಗಿ ನಮ್ಮಲ್ಲಿ ಸದ್ಯ ಫ್ಯಾನ್ ಕೆಳಗೆ ಕಾಯುವುದೇ.