ಹಾರೋ ಕಾರಿನ ಪ್ರೊಟೊಟೈಪ್ ಮಾಡಿದ್ದು: ತೋಳು ಮಡಚೋ ಜಾಯಿಂಟಿನ ಕತೆ

ಹಾರೋ ಕಾರು ಅಂದ ತಕ್ಷಣ ಎಲ್ರೂ ಕೇಳೋದು ಮೋಟರ್ ಯಾವ್ದು, ಬ್ಯಾಟರಿ ಎಷ್ಟು ಅಂತ. ತುಮಕೂರಿನ ನನ್ನ ಶೆಡ್ಡಲ್ಲಿ ಮಾಡಿರೋದು ಮನುಷ್ಯ ಕೂರೋ ಸೈಜಿಂದಲ್ಲ, 20 ಕೆಜಿ ಮಾದರಿ, ಚಕ್ರದ ಮೇಲೆ ಓಡ್ಬೇಕು, ನಿಂತಲ್ಲೇ ತುದಿಲಿ ಮೋಟರ್, ಪ್ರೊಪೆಲ್ಲರ್ ಇರೋ ನಾಲ್ಕು ತೋಳು ಬಿಚ್ಕೊಂಡು ಮೇಲೇಳ್ಬೇಕು. ಮೋಟರ್, ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಬೋರ್ಡು), ಫ್ಲೈಟ್ ಕಂಟ್ರೋಲರ್ (ಹಾರಾಟದ ಸಮತೋಲನ ನೋಡ್ಕೊಳ್ಳೋ ಕಂಪ್ಯೂಟರ್) ಎಲ್ಲಾ ದುಡ್ಡು ಕೊಟ್ರೆ ಸಿಗುತ್ತೆ. ಸಿಗದೇ ಇರೋದು ತೋಳು ಮಡಚೋ ಜಾಯಿಂಟು, ನಿಜವಾದ ಕೆಲಸ ಇರೋದೇ ಅಲ್ಲಿ.

ತೂಕದ ಲೆಕ್ಕ ಮೊದ್ಲು ಹೇಳ್ಬಿಡ್ತೀನಿ. ಅದೇ ಪ್ರೊಪೆಲ್ಲರಲ್ಲಿ ತೂಕ 10% ಜಾಸ್ತಿ ಆದ್ರೆ ನಿಂತಲ್ಲೇ ತೇಲೋಕೆ ಪವರ್ ಸುಮಾರು 15% ಜಾಸ್ತಿ ಬೇಕು. 30 ಇಂಚಿನ ನಾಲ್ಕು ಪ್ರೊಪೆಲ್ಲರಿಗೆ 20 ಕೆಜಿ ಎತ್ತೋಕೆ ಥಿಯರಿಲಿ ಸುಮಾರು 1300 ವಾಟ್, ನಿಜದಲ್ಲಿ 2 ಸಾವಿರದ ಮೇಲೇ ಹೋಗುತ್ತೆ. ಅದೂ ಅಲ್ದೆ ನಮ್ಮೂರು ಸಮುದ್ರ ಮಟ್ಟದಿಂದ 800 ಮೀಟರ್ ಮೇಲಿದೆ, ಬೇಸಿಗೆ ಮಧ್ಯಾಹ್ನ ಗಾಳಿ ತೆಳು, ಹಂಗಾಗಿ ಇನ್ನೊಂದು 8% ಪವರ್ ಜಾಸ್ತಿ ಬೇಕು. ಚಕ್ರ, ಸಸ್ಪೆನ್ಷನ್, ಸ್ಟೀರಿಂಗ್ ಇವೆಲ್ಲ ಗಾಳಿಲಿದ್ದಾಗ ಬರೀ ಹೊರೆ. ಅದಕ್ಕೇ ಜಾಯಿಂಟನ್ನ ದಪ್ಪ ಕಬ್ಬಿಣದಲ್ಲಿ ಮಾಡಿ ಮುಗಿಸೋಕಾಗಲ್ಲ, 6061 ಅಲ್ಯೂಮಿನಿಯಂ ಬ್ಲಾಕು, ಕಾರ್ಬನ್ ಫೈಬರ್ ಪೈಪು, ಪಿನ್ನು ಮಾತ್ರ ಸ್ಟೀಲು.

ಈಗ ಜಾಯಿಂಟಿಗೆ ಬರೋಣ. ಬಿಚ್ಚಿದ ತೋಳನ್ನ ಲಾಕ್ ಮಾಡೋಕೆ ಮಾಮೂಲಿ ಪಿನ್ ಹಾಕಿದ್ರೆ ಅದು ಒಳಗೆ ಹೋಗೋಕೇ ಒಂಚೂರು ಸಡಿಲ ಬೇಕು. 40 ಮಿಮೀ ಅಗಲದ ಹಿಡಿತದಲ್ಲಿ 0.2 ಮಿಮೀ ಪ್ಲೇ, ಅಂದ್ರೆ ಸಡಿಲ, ಇದ್ರೆ 600 ಮಿಮೀ ತೋಳಿನ ತುದಿಲಿ ಅದು 3 ಮಿಮೀ ಆಗುತ್ತೆ, ಮೋಟರ್ ಅಲ್ಲೇ ಕೂತಿರೋದು, ಅದು ಅಲ್ಲಾಡಿದ್ರೆ ಫ್ಲೈಟ್ ಕಂಟ್ರೋಲರ್ ಅದನ್ನ ಸರಿ ಮಾಡೋಕೆ ಹೋಗಿ ಇನ್ನೂ ಅಲ್ಲಾಡುತ್ತೆ. ಆರ್ಡುಪೈಲಟ್ (ಫ್ಲೈಟ್ ಕಂಟ್ರೋಲರ್ ಒಳಗಿನ ಸಾಫ್ಟ್‌ವೇರ್) ಲಾಗಲ್ಲಿ ವೈಬ್ರೇಷನ್ 30 m/s²ರ ಕೆಳಗಿರ್ಬೇಕು, ನಂದು ಅದನ್ನ ದಾಟ್ತಿತ್ತು. ನಾಚ್ ಫಿಲ್ಟರ್ (ಒಂದು ಕಂಪನಾನ ಸಾಫ್ಟ್‌ವೇರಲ್ಲೇ ಸೋಸಿ ತೆಗೆಯೋದು) ಹಾಕಿ ಮುಚ್ಚೋದು ನನಗಿಷ್ಟ ಇಲ್ಲ, ರೋಗ ಇರೋದು ಲೋಹದಲ್ಲಿ. ಅಂತರಸನಹಳ್ಳಿಲಿ ಲೇತ್ ಇಟ್ಟಿರೋ ಅಣ್ಣಾವ್ರು ತೋಳನ್ನ ಕೈಲಿ ಹಿಡಿದು ಅಲ್ಲಾಡ್ಸಿ, "ಸಾರ್, ಟೇಪರ್ ಪಿನ್ ಹಾಕಿ, ಪ್ಲೇ ಅನ್ನೋದೇ ಇರಲ್ಲ" ಅಂದ್ರು. 50 ಮಿಮೀ ಉದ್ದಕ್ಕೆ 1 ಮಿಮೀ ಸಣ್ಣ ಆಗೋ ಪಿನ್ನು, ಎರಡೂ ಭಾಗ ಒಟ್ಟಿಗೆ ಹಿಡ್ದು ಟೇಪರ್ ರೀಮರ್ (ಅದೇ ಇಳಿಜಾರಲ್ಲಿ ತೂತು ಕೊರೆಯೋ ಟೂಲು) ಓಡ್ಸಿದ್ವಿ, ಹಿಂದೆ ಸ್ಪ್ರಿಂಗು. ಸವೆದ್ರೂ ಪಿನ್ನು ಇನ್ನಷ್ಟು ಒಳಗೆ ಹೋಗಿ ತಾನೇ ಬಿಗಿಯಾಗುತ್ತೆ. ಕೈಲಿ ಹಿಡಿದು ಅಲ್ಲಾಡ್ಸಿದ್ರೆ ಕಟ್ ಅನ್ನೋ ಶಬ್ದ ಇತ್ತಲ್ಲ, ಅದು ಹೋಯ್ತು, ಲಾಗಲ್ಲಿ ವೈಬ್ರೇಷನ್ನೂ ಇಳೀತು, ಆ ಗ್ರಾಫ್ ನೋಡಿ ಆದ ಖುಷಿ ಮೊದ್ಲ ಸಲ ನೆಲ ಬಿಟ್ಟಾಗಲೂ ಆಗಿರಲಿಲ್ಲ.

ಪ್ರತಿ ಪಿನ್ ಕೆಳಗೆ ಒಂದು ಲಿಮಿಟ್ ಸ್ವಿಚ್ (ಪಿನ್ ಪೂರ್ತಿ ಕೂತಾಗ ಒತ್ತೋ ಸಣ್ಣ ಸ್ವಿಚ್ಚು) ಇದೆ, ನಾಲ್ಕೂ ಒತ್ತಿದ್ರೆ ಮಾತ್ರ ಮೋಟರ್ ಆರ್ಮ್ ಆಗೋ, ಅಂದ್ರೆ ತಿರುಗೋಕೆ ಸಿದ್ಧ ಆಗೋ ಹಾಗೆ ಸ್ಕ್ರಿಪ್ಟ್ ಬರ್ದಿದೀನಿ. ಇದನ್ನ ಬಿಟ್ಟು ಯಾರೂ ಹಾರಿಸ್ಬೇಡಿ ದಯವಿಟ್ಟು. 2021ರಲ್ಲಿ ನಿತ್ರಾದಿಂದ ಬ್ರಾಟಿಸ್ಲಾವಾಗೆ 35 ನಿಮಿಷ ಹಾರಿದ ಸ್ಲೊವಾಕಿಯಾದ ಹಾರೋ ಕಾರು ಏರ್‌ಕಾರ್ 3 ನಿಮಿಷದೊಳಗೆ ರೆಕ್ಕೆ ಮಡಚುತ್ತೆ, ಅದರ ವಿಡಿಯೋಲಿ ನಾನು ನೋಡೋದೂ ಈ ಜಾಯಿಂಟ್‌ಗಳನ್ನೇ.

ಟೆಸ್ಟಿಂಗ್ ಶಿರಾ ಕಡೆ ರಾಗಿ ಕೊಯ್ದ ನಮ್ಮ ಹೊಲದಲ್ಲಿ, ಬೆಳಗ್ಗೆ ಗಾಳಿ ಏಳೋ ಮುಂಚೆ, ಹಗ್ಗ ಕಟ್ಟಿ. 2 ಕೆಜಿ ದಾಟಿ 25 ಕೆಜಿ ಒಳಗಿದ್ರೆ ಡ್ರೋನ್ ರೂಲ್ಸ್ 2021ರ ಪ್ರಕಾರ ಸ್ಮಾಲ್ ಕೆಟಗರಿ. ಹಾರಿಸೋ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ಮ್ಯಾಪಲ್ಲಿ ಜಾಗ ಗ್ರೀನ್ ಝೋನಾ (ಹಾರಿಸೋಕೆ ಮುಂಚೆ ಅನುಮತಿ ಬೇಡದ ಜಾಗ) ನೋಡ್ಲೇಬೇಕು, ಅದರಲ್ಲೂ ಗುಬ್ಬಿ ಕಡೆಯವರು, ಅಲ್ಲಿ ಬಿದರೆಹಳ್ಳ ಕಾವಲಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಇದೆ.

ಈಗ ನೋಡ್ತಿರೋದು ಮಣ್ಣು ರಸ್ತೆಲಿ ಓಡ್ಸಿದ್ಮೇಲೆ ಜಾಯಿಂಟೊಳಗೆ ಧೂಳು ಹೋಗೋದನ್ನ. ರಬ್ಬರ್ ಬೂಟ್ (ಜಾಯಿಂಟ್ ಮುಚ್ಚೋ ಕವರ್ರು) ಹಾಕಿದ್ರೆ ಪಿನ್ ಪೂರ್ತಿ ಕೂತಿದ್ಯಾ ಅಂತ ಕಣ್ಣಿಗೆ ಕಾಣಲ್ಲ, ಅದಕ್ಕೆ ಪಾರದರ್ಶಕ ಸಿಲಿಕೋನ್ ಬೂಟ್ ಎರಕ ಹುಯ್ತಿದೀನಿ.